ಚಳಿಗೆ ಉದುರಿದ ಕಡಲೆ ಹೂ

ಜಗಳೂರಿನ ನನ್ನ ಅಂಗಡಿಯಿಂದ ಒಯ್ದ ಕಡಲೆ ಬೀಜ ಅಜ್ಜಿಯೊಬ್ಬಳ ಹೊಲದಲ್ಲಿ ಹೂ ಬಿಟ್ಟರೂ ಕಾಯಿ ಕಟ್ಟಿರಲಿಲ್ಲ. ನೋಡಲು ಹೋದೆ. ಅಷ್ಟರಲ್ಲಿ ಅಜ್ಜಿ ಬೆಳೆ ಮೇಯಿಸಿಬಿಡಲು ಕುರಿಯವರನ್ನು ಕರೆಸಿ ಬದುವಿನ ಮೇಲೆ ನಿಲ್ಲಿಸಿದ್ದಳು.

“ಗೊಡ್ಡು ಬೀಜ ಕೊಟ್ಟೀಯಲ್ಲವ್ವ,” ಎಂದಳು.

“ಬೀಜದ್ದೇನೂ ತಪ್ಪಿಲ್ಲಜ್ಜಿ. ಚಳಿ ಜಾಸ್ತಿ ಆದ್ರೆ ಹೂವು ಕಾಯಿ ಕಟ್ಟದೇ ಉದುರ್ತಾವೆ. ಬಿಸಿಲು ಏರ್ಲಿ, ಮತ್ತೆ ಹೂ ಬಿಟ್ಟು ಕಾಯಿ ಹಿಡಿತಾವೆ.”

“ಹಿಡೀಲಿಲ್ಲಂದ್ರೆ?”

“ಕುರಿ ನಾನೇ ಹೊಡ್ಕೊಂಡು ಬರ್ತೀನಿ.”

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕುರಿಯವರನ್ನು ವಾಪಸು ಕಳಿಸಿದಳು. ಚಳಿ ಬಿಡುವವರೆಗೂ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅಜ್ಜಿ ಕಾಯಿ ತುಂಬಿದ ಗಿಡಗಳ ಹೊರೆ ಹೊತ್ತು ಅಂಗಡಿಗೆ ಬಂದಳು. “ಚಳಿ ಹೋಗಾಗಂಟ ತಡೀರಿ ಅಂತ ಕುರಿಯೋರಿಗೆ ನಾನೇ ಹೇಳ್ದೆ,” ಎಂದು ಗಿರಾಕಿಗಳಿಗೆ ವಿವರಿಸಿದಳು. ಎದುರಾಡೋಣವೆಂದರೆ ನನ್ನ ಬಾಯಿ ತುಂಬ ಅವಳ ಹಸಿ ಕಡಲೆಯಿತ್ತು.