ಸಪ್ಲೈಯರ್ ಅಣ್ಣನ ನಿಧಾನದ ಓಟ

ಸೋತವನು ಇನ್ನೆಂದೂ ವಿಡಿಯೋ ಗೇಮಿನ ಕಂಟ್ರೋಲರ್ ಮುಟ್ಟಬಾರದು ಎಂದು ಪಂಥ ಕಟ್ಟಿದ ಮೂರ್ಖ ನಾನೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಎದುರಾಳಿ, ಮುಂಬೈಯ ಅಂಧೇರಿಯಲ್ಲಿ ನಮ್ಮ ಬಿಲ್ಡಿಂಗಿನ ಕೆಳಗಿದ್ದ ಉಡುಪಿ ಹೋಟೆಲಿನ ಸಪ್ಲೈಯರ್ ಅಣ್ಣ. ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ರೂಮಿಗೆ ಬಂದು ಅಮೆರಿಕನ್ ಫುಟ್‌ಬಾಲಿನ ವಿಡಿಯೋ ಗೇಮ್ ಆಡುತ್ತಿದ್ದರು. ಚೆಂಡನ್ನು ಕೈಯಲ್ಲಿ ಹಿಡಿದು ಓಡಿ ಎದುರು ತುದಿಯ ಗೆರೆ ದಾಟಬೇಕು, ಅಷ್ಟೇ ಆಟ. ಚೆಂಡು ಸಿಕ್ಕಿದ್ದೇ ನಾವೆಲ್ಲ ನುಗ್ಗುತ್ತಿದ್ದೆವು. ಅವರು ಮಾತ್ರ ಅಡ್ಡ ಬಂದವರನ್ನು ತಳ್ಳಿ ದಾರಿ ಬಿಡಿಸುವ ತಮ್ಮ ತಂಡದ ಧಡೂತಿಗಳ ಬೆನ್ನ ಹಿಂದೆ, ಎಡಗೈ ಮೇಲೆ ನಾಲ್ಕು ದೋಸೆ ತಟ್ಟೆ ಹೊತ್ತವರಂತೆ, ಮೈದಾನದ ಅಂಚಿಗೆ ಸಾಗುತ್ತಿದ್ದರು.

"ತಡಿ ಮಾರಾಯ, ಮುಂದಿನವ ದಾರಿ ಮಾಡ್ಲಿ."

ಆ ರಾಗವನ್ನು, ಆಡುವಾಗ ವಾಲುವ ಅವರ ಕತ್ತನ್ನು ಅಣಕಿಸಿ ನಾನು ರೂಮಿಡೀ ನಗಿಸುತ್ತಿದ್ದೆ. "ಬೇಕಾದಷ್ಟು ನಗು, ನಾನು ಹೀಗೇ ಆಡುದು," ಎನ್ನುತ್ತಿದ್ದರು.

ಪಂಥದ ದಿನ ನಾನು ಬಾಣದಂತೆ ಓಡಿದೆ, ಪ್ರತಿ ಸಲವೂ ಎದುರಾಳಿಗಳ ರಾಶಿಯಡಿ ಬಿದ್ದೆ. ಅವರ ಧಡೂತಿಗಳು ನನ್ನವರನ್ನು ಪಕ್ಕಕ್ಕೆ ತಳ್ಳಿದರು, ಅಣ್ಣ ಅಂಚು ಹಿಡಿದು ಕೊನೆಯ ಗೆರೆ ದಾಟಿದರು. ಆಟ ಮುಗಿಯಿತು, ನಾನು ಸೋತಿದ್ದೆ.

"ಇದೆಂಥ ಗೆಲುವು ಅಣ್ಣಾ? ಕೆಲಸವೆಲ್ಲ ಮುಂದಿನವರದ್ದು!" ಎಂದೆ, ಅವರದೇ ದನಿಯಲ್ಲಿ.

ಅವರು ನನ್ನ ಕೈಯಿಂದ ಕಂಟ್ರೋಲರ್ ತೆಗೆದುಕೊಂಡರು.

"ಹೌದು. ನಿನಗೂ ಅಷ್ಟೇ ಜನ ಇದ್ರಲ್ಲ? ಅವ್ರನ್ನ ಹಿಂದೆ ಬಿಟ್ಟು ಓಡಿದ್ದು ಯಾರು ಮಾರಾಯ?"