ಸೊಪ್ಪಿನ ತೋಟದಲ್ಲಿ ನಿಲ್ಲದ ಸದ್ದು

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಶುರು ಮಾಡಿದರೆ ನಾನು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದರಲ್ಲಿ ಯಾರಿಗೆ ಲಾಭ? ಲಾಭ ಯಾರಿಗೆಂದು ಗೊತ್ತಾದರೆ ದೆವ್ವ ಯಾರೆಂದೂ ಗೊತ್ತಾಗುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ಹಳೆ ಮನೆಗಳ ಬಾಗಿಲು, ತೊಲೆ, ಕಿಟಕಿ ಸರಳು, ಕೆಟ್ಟ ಪಂಪು ಇವನ್ನು ಕೊಂಡು ಮಾರಿ ಬದುಕು ಕಟ್ಟಿಕೊಂಡವನು ನಾನು. ಓದಿದ್ದು ಕಡಿಮೆ. ಆದರೆ ಮಾರುವವನ ಮುಖ ನೋಡಿದರೆ ಅವನು ಎಲ್ಲಿಯವರೆಗೆ ಇಳಿಯುತ್ತಾನೆಂದು ಹೇಳಬಲ್ಲೆ. ಅಂಥವನಿಗೂ ಈಗ ಬರೆಯಲು ಹೊರಟಿರುವ ಸಂಗತಿಯ ತಲೆಬುಡ ತಿಳಿದಿಲ್ಲ. ಇಷ್ಟು ವರ್ಷ ಯೋಚಿಸಿ ಯೋಚಿಸಿ ದಣಿದಿದ್ದೇನೆ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಆಗ ಚಿಂತಾಮಣಿಯಲ್ಲಿ ನನ್ನ ಅಂಗಡಿ. ಮೊಬೈಲು ಆಗಷ್ಟೇ ಎಲ್ಲರ ಜೇಬಿಗೆ ಬರುತ್ತಿದ್ದ ಕಾಲ. ಬೆಂಗಳೂರಿನಲ್ಲಿ ಹಳೆ ಸಾಮಾನು ಮಾರುವವನೊಬ್ಬನ ಹತ್ತಿರ ಮಣ್ಣಿನೊಳಗಿನ ಲೋಹ ಹುಡುಕುವ ಡಿಟೆಕ್ಟರ್ ಕಂಡಿತು. ಉದ್ದ ಕೋಲು, ಕೆಳಗೆ ತಂತಿ ಸುತ್ತಿದ ತಟ್ಟೆಯಂಥ ಕಾಯಿಲು, ಕಿವಿಗೆ ಹಾಕಿಕೊಳ್ಳಲು ಹೆಡ್‌ಫೋನು. ಹಿಡಿಕೆಯ ಹತ್ತಿರ ಇದ್ದ ಪರದೆ ಒಡೆದುಹೋಗಿತ್ತು. ಕಣ್ಣಿಲ್ಲದ ಯಂತ್ರ ಯಾರಿಗೆ ಬೇಕಯ್ಯಾ ಎಂದು ನಾನು ಎರಡು ಸಲ ಎದ್ದು ಹೊರಟೆ. ಎರಡನೆಯ ಸಲ ಅವನೇ ಕರೆದು ಕೊಟ್ಟ.

ಕೊಂಡ ಮೇಲೆ ಗೊತ್ತಾಯಿತು, ಪರದೆ ಇಲ್ಲದ್ದೇ ಒಳ್ಳೆಯದಾಗಿತ್ತು. ಇಂಥ ಯಂತ್ರ ಕೊಳ್ಳುವವರಿಗೆ ಈಗಲೂ ಹೇಳುತ್ತೇನೆ, ಪರದೆಗೆ ದುಡ್ಡು ಸುರಿಯಬೇಡಿ. ಪರದೆ ಒಂದು ನಂಬರು ತೋರಿಸಿ ಸುಮ್ಮನಾಗುತ್ತದೆ. ನೀವು ಅದನ್ನೇ ನೋಡುತ್ತ ನೆಲ ನೋಡುವುದನ್ನು ಬಿಡುತ್ತೀರಿ. ಕಿವಿ ಹಾಗಲ್ಲ. ಕಬ್ಬಿಣಕ್ಕೆ ದಪ್ಪ ದನಿ, ಗಂಟಲು ಕಟ್ಟಿದಂತೆ. ಬೆಳ್ಳಿ, ತಾಮ್ರಕ್ಕೆ ಎತ್ತರದ ಸಣ್ಣ ದನಿ. ಸಣ್ಣ ಚಿನ್ನಕ್ಕೆ ಎರಡರ ನಡುವಿನ ದನಿ, ದುಂಡಗೆ, ಚಿಕ್ಕದಾಗಿ. ಕಷ್ಟವೆಂದರೆ ಮಾತ್ರೆ ಸುತ್ತಿ ಬರುವ ಅಲ್ಯೂಮಿನಿಯಂ ಹಾಳೆಗೂ ಅದೇ ದನಿ. ಆ ಎರಡನ್ನು ಬೇರೆ ಮಾಡಲು ಅಭ್ಯಾಸ ಬೇಕು. ಅಂಗಳದಲ್ಲಿ ಗೋಣಿ ಹಾಸಿ, ಒಂದೊಂದೇ ಸಾಮಾನು ಅದರಡಿ ಇಟ್ಟು, ಕಣ್ಣು ಮುಚ್ಚಿಕೊಂಡು ಕಲಿತೆ. "ರೇಡಿಯೋ ಆದ್ರೂ ತಂದಿದ್ರೆ ನಾವೂ ಕೇಳ್ತಿದ್ವಿ" ಎಂದು ಹೆಂಡತಿ ಬಾಗಿಲಲ್ಲಿ ನಿಂತು ಅಣಕಿಸುತ್ತಿದ್ದಳು.

ಮುಂದಿನದು ಅರ್ಥವಾಗಬೇಕಾದರೆ ಎರಡು ವಿಷಯ ತಿಳಿದಿರಬೇಕು. ನನ್ನ ಯಂತ್ರ ಮಾತಾಡುತ್ತಿದ್ದುದು ತಟ್ಟೆ ಆಡುತ್ತಿದ್ದಾಗ ಮಾತ್ರ. ತಟ್ಟೆ ನಿಂತರೆ ಅಡಿಯಲ್ಲಿ ಏನೇ ಇದ್ದರೂ ಸದ್ದು ನಿಲ್ಲುತ್ತದೆ. ಇನ್ನೊಂದು, ತೊಗರಿ ಬೇಳೆಯಷ್ಟು ಚಿನ್ನ ಒಂದು ಗೇಣಿಗಿಂತ ಕೆಳಗೆ ಹೋದರೆ ಅದಕ್ಕೆ ಕೇಳಿಸುವುದಿಲ್ಲ.

ನಿಧಿಯ ಹುಚ್ಚಿನವರು ನಿಂಬೆಹಣ್ಣು ಹಿಡಿದುಕೊಂಡು ಅಂಗಡಿಗೆ ಬರುತ್ತಿದ್ದರು. ಸಿಕ್ಕರೆ ಅದು ಸರ್ಕಾರದ್ದು, ಸಿಗದಿದ್ದರೆ ನಿಮ್ಮ ಒದೆ ನನ್ನದು ಎಂದು ಹೇಳಿ ವಾಪಸ್ ಕಳಿಸುತ್ತಿದ್ದೆ. ಹೊಲದಲ್ಲಿ ಕಳೆದುಹೋದ ಉಂಗುರ, ಓಲೆ, ಟ್ರ್ಯಾಕ್ಟರಿನ ಬಿಡಿಭಾಗ, ಇಂಥವಕ್ಕೆ ಮಾತ್ರ ಹೋಗುತ್ತಿದ್ದೆ. ಹೋಗಿ ಹೋಗಿ ಅದೂ ಬೇಸರವಾಗಿತ್ತು. ಒಡವೆ ಕಳೆದ ಮನೆಗೆ ಕಾಲಿಟ್ಟರೆ ಜಗಳದ ಮಧ್ಯೆಯೇ ಕಾಲಿಟ್ಟಂತೆ. ಎಲ್ಲರೂ ಎಲ್ಲರನ್ನೂ ಸಂಶಯದಿಂದ ನೋಡುತ್ತಿರುತ್ತಾರೆ, ನಾನು ಬಂದ ಮೇಲೆ ನನ್ನನ್ನೂ.

ಹೀಗಿರುವಾಗ ಒಂದು ಬೆಳಗ್ಗೆ ನಾರಾಯಣಸ್ವಾಮಿ ಎಂಬ ಹುಡುಗ ಬಂದ. ಅಂಬಾಜಿದುರ್ಗದ ಬೆಟ್ಟದ ಕೆಳಗಿನ ಹಳ್ಳಿಯವನು. ರೇಷ್ಮೆ ಹುಳ ಸಾಕುವ ಮನೆ. ಅವನ ಹೆಂಡತಿ ಮಂಜುಳಾ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕರಿಮಣಿ ಸರ ಕಿತ್ತು, ತಾಳಿಯ ಎರಡು ಬೊಟ್ಟೂ ಬಿದ್ದುಹೋಗಿದ್ದವು. ಅದೇ ತಿಂಗಳು ಶಿಡ್ಲಘಟ್ಟದಲ್ಲಿ ಅವಳ ತಮ್ಮ ಆಟೋ ಕೊಂಡಿದ್ದ. ನಾರಾಯಣಸ್ವಾಮಿಯ ತಾಯಿ ಮುನಿವೆಂಕಟಮ್ಮ ಈ ಎರಡನ್ನೂ ಸೇರಿಸಿ ನೋಡಿದ್ದರು.

"ಬೊಟ್ಟನ್ನ ತಮ್ಮನಿಗೆ ಕೊಟ್ಟು ಬಿತ್ತು ಅಂತ ಆಟ ಕಟ್ತಾವ್ಳೆ ಅಂತಾರಣ್ಣ ನಮ್ಮಮ್ಮ. ಸಾಯಂಕಾಲದೊಳಗೆ ಸಿಗ್ದಿದ್ರೆ ಆ ತಮ್ಮನ್ನೇ ಕರೆಸಿ, ಅವನ ಆಟೋದಲ್ಲೇ ಕಳಿಸ್ತೀನಿ ಅಂತ ಕೂತವ್ರೆ."

"ನೀನೇನಂತೀಯಪ್ಪ?" ಎಂದೆ.

"ನಾನೇನಂತೀನಣ್ಣ. ಹುಳ ನಾಲ್ಕನೇ ಜ್ವರ ಎದ್ದವೆ. ಮನೇಲಿ ಕೈ ಕಮ್ಮಿಯಾದ್ರೆ ಕಷ್ಟ."

ಕೇಳಿದ್ದಕ್ಕೆ ಅದು ಉತ್ತರವಲ್ಲ. ಆದರೂ ಹೋದೆ. ಹೆಂಡತಿಯ ಪರವಾಗಿ ಅಷ್ಟು ಕೆಲಸದ ನಡುವೆ ಬಸ್ಸು ಹತ್ತಿ ಬಂದನಲ್ಲ, ಅಷ್ಟಾದರೂ ಇದೆ ಎನಿಸಿತು.

ಹುಳ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಾಲ್ಕನೇ ನಿದ್ದೆಯಿಂದ ಎದ್ದ ಮೇಲೆ ಹಸಿವು ತಡೆಯುವುದಿಲ್ಲ. ಒಂದು ಹೊತ್ತು ಸೊಪ್ಪು ತಪ್ಪಿದರೂ ಗೂಡು ಕೆಡುತ್ತದೆ. ಅದಕ್ಕೇ ಇರಬೇಕು, ಕಳ್ಳಿ ಎನಿಸಿಕೊಂಡ ಹೆಣ್ಣೇ ತೋಟದಲ್ಲಿ ಬಗ್ಗಿ ಸೊಪ್ಪು ಕೊಯ್ಯುತ್ತಿದ್ದಳು. ಕೊರಳಲ್ಲಿ ಅರಿಶಿನ ಕೊಂಬು ಕಟ್ಟಿದ ದಾರ. ಸಿಕ್ಕಿದ ಕರಿಮಣಿಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು. ಬದುವಿನ ಮೇಲೆ ಹೊಂಗೆ ಮರದ ನೆರಳಲ್ಲಿ ಮುನಿವೆಂಕಟಮ್ಮ ಕಾವಲು ಕೂತಂತೆ ಕೂತಿದ್ದರು.

ನಾನು ಸಾಲು ಹಿಡಿದು ಹೊರಟೆ. ಸೊಪ್ಪಿನ ಗಿಡದ ಬುಡಗಳ ನಡುವೆ ತಟ್ಟೆ ಸರಿಯಾಗಿ ಆಡುವುದಿಲ್ಲ, ಸೊಂಟ ಅರ್ಧ ಬಗ್ಗಿಸಿಕೊಂಡೇ ನಡೆಯಬೇಕು. ದಪ್ಪ ದನಿಗೆ ಮೊಳೆ, ಮುರಿದ ಕುಡುಗೋಲಿನ ತುದಿ. ನಡುವಿನ ದನಿ ಬಂದಾಗಲೆಲ್ಲ ಮಂಜುಳಾ ಕೊಯ್ಯುವುದನ್ನು ನಿಲ್ಲಿಸಿ ತಿರುಗಿ ನೋಡುವಳು. ಅಗೆದರೆ ಮಾತ್ರೆಯ ಹಾಳೆ. ಹೀಗೆ ಆಗಿ ಆಗಿ ಕೊನೆಗೆ ಅವಳು ತಿರುಗುವುದನ್ನೇ ಬಿಟ್ಟಳು.

"ಏಮಪ್ಪಾ, ನಮ್ಮ ತಲೆನೋವಿನ ಮಾತ್ರೆಯೆಲ್ಲಾ ಲೆಕ್ಕ ಸಿಕ್ತಾ?" ಎಂದು ಬದುವಿನಿಂದ ಮುನಿವೆಂಕಟಮ್ಮ ಕೇಳಿದರು.

ಮಜ್ಜಿಗೆ ತಂದುಕೊಟ್ಟಾಗ ಮಂಜುಳಾ ತಗ್ಗಿದ ದನಿಯಲ್ಲಿ, "ಅಣ್ಣ, ಅದು ಸಿಗದಿದ್ರೂ ಇಲ್ಲೇ ಬಿದ್ದಿತ್ತು ಅಂತ ನಿಮ್ಮ ಮಿಷನ್ನು ಹೇಳಲ್ವಾ?" ಎಂದಳು.

"ಇರೋದನ್ನ ಹೇಳುತ್ತೆ ತಾಯಿ. ಇದ್ದದ್ದನ್ನ ಹೇಳೋಕೆ ಅದಕ್ಕೆ ಬರಲ್ಲ" ಎಂದೆ. ಲೋಟ ತೆಗೆದುಕೊಂಡು ಹೋದಳು.

ಮಧ್ಯಾಹ್ನದ ಹೊತ್ತಿಗೆ ತೋಟ ಪೂರ್ತಿ ನೋಡಿ, ಇನ್ನೊಂದು ದಿಕ್ಕಿನಿಂದ ಅಡ್ಡಲಾಗಿಯೂ ನೋಡಿದ್ದೆ. ಇಡೀ ಹೊತ್ತು ಸದ್ದು ಕೇಳಿದರೆ ಕಿವಿಗಿಂತ ಹೆಚ್ಚು ಮನಸ್ಸು ಬಳಲುತ್ತದೆ. ಸಿಗಲಿಲ್ಲ ಎಂದು ಹೇಳುವುದು ಹೇಗೆ ಎಂದುಕೊಳ್ಳುತ್ತ ಬದುವಿನ ಕಡೆಗೆ ಬರುವಾಗ, ಅದಾಗಲೇ ಎರಡು ಸಲ ನೋಡಿದ್ದ ಜಾಗದಲ್ಲಿ ನಡುವಿನ ದನಿ ಬಂತು. ಮತ್ತೊಂದು ಮಾತ್ರೆ ಹಾಳೆ ಎಂದು ತಟ್ಟೆಯನ್ನು ನೆಲದ ಮೇಲೆ ಇಟ್ಟು ಬೆವರು ಒರೆಸಿಕೊಂಡೆ. ತಟ್ಟೆ ನಿಂತಿತ್ತು. ಸದ್ದು ನಿಲ್ಲಲಿಲ್ಲ.

ನಾನು ಹೆದರಲಿಲ್ಲ, ರೇಗಿತು. ಯಂತ್ರ ಕೆಟ್ಟಿದೆ ಎಂದೇ ಅಂದುಕೊಂಡೆ. ಕೋಲನ್ನು ಮೇಲೆತ್ತಿ ಹಿಡಿದೆ, ಸದ್ದಿಲ್ಲ. ಪಕ್ಕದ ಸಾಲಿನಲ್ಲಿ ಇಟ್ಟೆ, ಇಲ್ಲ. ಮತ್ತೆ ಅಲ್ಲಿಟ್ಟೆ, ಅದೇ ದನಿ, ಒಂದೇ ಸಮನೆ, ಏರದೆ ಇಳಿಯದೆ. ಕರೆಂಟಿನ ತಂತಿ ಹತ್ತಿರವಿದ್ದರೆ ಇಂಥ ಯಂತ್ರ ಕರಕರ ಅನ್ನುವುದುಂಟು. ಆದರೆ ಆ ತೋಟದ ಮೇಲೆ ತಂತಿಯೇ ಇರಲಿಲ್ಲ, ದೂರದ ಪಂಪ್‌ಸೆಟ್ಟಿಗೂ ಆಗ ಕರೆಂಟಿರಲಿಲ್ಲ. ಮೊಬೈಲನ್ನು ಬದುವಿನ ಮೇಲೆ ಬಿಟ್ಟುಬಂದಿದ್ದೆ. ಬ್ಯಾಟರಿ ತೆಗೆದು ಹಾಕಿದೆ. ಮತ್ತೆ ಅದೇ. ಹಿಡಿಕೆಯಿಂದ ಕೈ ತೆಗೆದು, ಕೋಲನ್ನು ಗಿಡಕ್ಕೆ ಒರಗಿಸಿ, ಹೆಡ್‌ಫೋನಿನ ತಂತಿ ಎಟುಕುವಷ್ಟು ದೂರ ನಿಂತು ಕೇಳಿದೆ. ನಿಲ್ಲಲಿಲ್ಲ.

ನಾನು ಅಲ್ಲೇ ತಡಕಾಡುವುದನ್ನು ಕಂಡು ಮುನಿವೆಂಕಟಮ್ಮ ಎದ್ದು ಬಂದರು. "ಏನಯ್ಯಾ ಇದು, ಮಿಷನ್ನು ಕೆಟ್ಟೋಯ್ತಾ, ಇಲ್ಲಾ ನೀನೂ ಅವಳೂ ಮೊದಲೇ ಮಾತಾಡ್ಕೊಂಡಿದೀರಾ? ತಾ ಇಲ್ಲಿ" ಎಂದು ಹೆಡ್‌ಫೋನನ್ನು ನನ್ನ ತಲೆಯಿಂದ ಎಳೆದೇ ತೆಗೆದರು. ತಾವು ಹಾಕಿಕೊಂಡರು.

ನನಗೆ ಆ ಮುಖ ಇನ್ನೂ ನೆನಪಿದೆ. ಮೊದಲು ನಗುವ ಹಾಗಿತ್ತು. ಆಮೇಲೆ ಯಾರಾದರೂ ದೂರದಿಂದ ಮಾತಾಡಿದರೆ ನಾವು ಕತ್ತು ಓರೆ ಮಾಡಿ ಕೇಳುತ್ತೇವಲ್ಲ, ಹಾಗೆ ಕತ್ತು ಓರೆಯಾಯಿತು. ತುಟಿ ಅಲ್ಲಾಡಿತು. ಒಂದು ಸಲ "ಹೂಂ" ಎಂದರು. ನಮಗಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದು, ಹೆಡ್‌ಫೋನು ತೆಗೆದು ನನ್ನ ಕೈಗೆ ಕೊಟ್ಟು, ಮಣ್ಣಿನ ಮೇಲೆ ಕೂತುಬಿಟ್ಟರು. ಮಗನನ್ನು ಕರೆದು, "ಅಗಿಯೋ ಇಲ್ಲಿ" ಎಂದರು.

ನಾರಾಯಣಸ್ವಾಮಿ ಗುದ್ದಲಿ ಹಾಕಿದ. ಒಂದು ಗೇಣು ಹೋಯಿತು, ಏನೂ ಇಲ್ಲ. ಇನ್ನು ದಂಡ ಕಣಪ್ಪ, ಇಷ್ಟು ಆಳದ್ದು ಇದಕ್ಕೆ ಕೇಳಿಸಲ್ಲ ಎಂದು ನಾನೇ ಹೇಳಿದೆ. "ನೀನು ಅಗಿ" ಎಂದರು ತಾಯಿ. ಗುಂಡಿ ಮೊಣಕಾಲುದ್ದ ಆದಾಗ ಮಣ್ಣುಹೆಂಟೆ ಒಡೆದು ಒಂದು ಬೊಟ್ಟು ಉರುಳಿತು. ಒಂದೇ.

ನನಗೆ ಹೋದ ಜೀವ ಬಂದಂತಾಯಿತು. ಹೇಗೋ ಏನೋ, ಹುಡುಗಿ ಉಳಿದುಕೊಂಡಳಲ್ಲ ಎಂದುಕೊಂಡೆ. ಮಂಜುಳಾ ಓಡಿ ಬಂದು ಬೊಟ್ಟನ್ನು ಸೆರಗಿನಿಂದ ಒರೆಸಿ ನೋಡಿದಳು. ಹೂಂ ಅಂದುಬಿಡು ತಾಯಿ ಎಂದು ನಾನು ಮನಸ್ಸಿನಲ್ಲೇ ಹೇಳುತ್ತಿದ್ದೆ. ನಾನಾಗಿದ್ದರೆ ಅನ್ನುತ್ತಿದ್ದೆ. ಅವಳು ಅತ್ತೆಯ ಮುಂದೆ ಅಂಗೈ ಚಾಚಿ, "ಇದು ನಂದಲ್ಲ ಅತ್ತೆ. ನಂದರ ಕೊಂಡಿ ನೆಟ್ಟಗಿತ್ತು. ಇದು ಸೊಟ್ಟಗೈತೆ" ಎಂದಳು.

ಮುನಿವೆಂಕಟಮ್ಮ ಕೈಗೆ ತೆಗೆದುಕೊಂಡು ನೋಡಲೂ ಇಲ್ಲ. "ನಿಂದಲ್ಲ ಅಂತ ಗೊತ್ತು. ಲಕ್ಷ್ಮಿದೇವೀದು" ಎಂದರು. ನಾರಾಯಣಸ್ವಾಮಿ ಗುದ್ದಲಿ ಕೆಳಗಿಟ್ಟ.

ಆಮೇಲೆ ಮುನಿವೆಂಕಟಮ್ಮ ಬೊಟ್ಟನ್ನು ಸೆರಗಿಗೆ ಕಟ್ಟಿಕೊಂಡು, ಸೊಸೆಯ ಭುಜ ಹಿಡಿದು ಎದ್ದರು. "ನಡಿಯಮ್ಮ, ಹುಳ ಹಸ್ಕೊಂಡವೆ" ಎಂದರು. ಆ ಮನೆಯಲ್ಲಿ ತಮ್ಮನ ಆಟೋದ ಮಾತು ಅಲ್ಲಿಗೆ ನಿಂತಿತು.

ಲಕ್ಷ್ಮಿದೇವಿ ಯಾರೆಂದು ನಾರಾಯಣಸ್ವಾಮಿ ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಹೇಳಿದ. ಅವನ ಅಣ್ಣನ ಮೊದಲ ಹೆಂಡತಿ. ಇವನು ಸ್ಕೂಲಿಗೆ ಹೋಗುತ್ತಿದ್ದಾಗ, ಅದೇ ತೋಟದಲ್ಲಿ ಅವಳ ತಾಳಿಯೂ ಬಿದ್ದುಹೋಗಿತ್ತಂತೆ. ತವರಿಗೆ ಕೊಟ್ಟಳೆಂದು ಮುನಿವೆಂಕಟಮ್ಮ ಅವಳನ್ನು ಗೌರಿಬಿದನೂರಿನ ಕಡೆಯ ಅವಳ ಊರಿಗೆ ಕಳಿಸಿದರು. ಮರಳಿ ಕರೆಯಲಿಲ್ಲ. ಅಲ್ಲೇ ಕಾಮಾಲೆಯಾಗಿ ತೀರಿಕೊಂಡಳು. ಅಣ್ಣ ಇನ್ನೊಂದು ಮದುವೆಯಾಗಿ ಕುಡುಮಲಕುಂಟೆಯ ಫ್ಯಾಕ್ಟರಿ ಸೇರಿಕೊಂಡ. ಆಮೇಲೆ ತೋಟದ ಹಳೆ ಗಿಡ ಕಿತ್ತು, ಗುಂಡಿ ತೆಗೆದು ಹೊಸ ತಳಿ ಹಾಕಿದ್ದರು. ಬೊಟ್ಟು ಅಷ್ಟು ಆಳಕ್ಕೆ ಹೋದದ್ದು ಹಾಗೇ ಇರಬೇಕು. ಅದನ್ನು ನಾನು ಒಪ್ಪುತ್ತೇನೆ. ನನಗೆ ಅರ್ಥವಾಗದ್ದು ಯಂತ್ರಕ್ಕೆ ಅದು ಕೇಳಿಸಿದ್ದು.

ಮಾರನೆಯ ದಿನ ಯಾರೂ ಕರೆಯದೆಯೇ ಹೋಗಿ ಮಂಜುಳಾಳ ಬೊಟ್ಟುಗಳಿಗಾಗಿ ಮತ್ತೆ ಹುಡುಕಿದೆ. ಸಿಗಲಿಲ್ಲ. ಸೊಪ್ಪಿನ ಜೊತೆ ಹುಳದ ಮನೆಗೆ ಹೋಗಿರಬಹುದೆಂದು, ಅಲ್ಲಿನ ಕಸ ಸುರಿಯುವ ತಿಪ್ಪೆಯನ್ನೂ ಕೆದಕಿದೆ. ಇವತ್ತಿನವರೆಗೂ ಅವು ಸಿಕ್ಕಿಲ್ಲ. ಮುನಿವೆಂಕಟಮ್ಮ ತಮ್ಮ ಓಲೆ ಕರಗಿಸಿ ಅವಳಿಗೆ ಬೇರೆ ಮಾಡಿಸಿದರಂತೆ. ಆ ಮಾರನೆಯ ದಿನವೇ ಲಕ್ಷ್ಮಿದೇವಿಯ ಬೊಟ್ಟಿದ್ದ ಗುಂಡಿಯ ಜಾಗದಲ್ಲೂ ತಟ್ಟೆ ಇಟ್ಟೆ, ಆಡಿಸಿದೆ, ನಿಲ್ಲಿಸಿದೆ. ಏನೂ ಇಲ್ಲ.

ಮನೆಗೆ ಬಂದು ಅಂಗಳದಲ್ಲಿ ಮೊಣಕಾಲುದ್ದ ಗುಂಡಿ ತೆಗೆದು, ಹೆಂಡತಿಯ ಹಳೆಯ ಬೊಟ್ಟೊಂದನ್ನು ಕೇಳಿದೆ. "ಹುಚ್ಚು ಹಿಡಿದ್ರೆ ನಿಮ್ಮ ಉಂಗುರ ಹೂಳ್ಕೊಳ್ಳಿ" ಎಂದಳು. ಹೂತೆ. ಉಂಗುರ ಬೊಟ್ಟಿಗಿಂತ ದೊಡ್ಡದು. ಆದರೂ ಯಂತ್ರ ಒಂದು ಮಾತೂ ಆಡಲಿಲ್ಲ. ರಿಪೇರಿಯವನೊಬ್ಬ, ಬಿಸಿಲಿಗೆ ಕಾಯಿಲು ಕಾದರೆ ಸುಮ್ಮನೆ ಕೂಗುವುದುಂಟು ಎಂದ. ಇರಬಹುದು. ಪಕ್ಕದ ಸಾಲಿನಲ್ಲೂ ಅದೇ ಬಿಸಿಲಿತ್ತಲ್ಲ ಎಂದೆ. ನಿಮ್ಮಲ್ಲಿ ತಿಳಿದವರಿದ್ದರೆ ಹೇಳಿ, ಕೇಳಲು ನನಗೇನೂ ಸಂಕೋಚವಿಲ್ಲ.

ಕೆಲವು ವರ್ಷಗಳ ಮೇಲೆ ಮುರುಗಮಲ್ಲದ ಬಸ್ ನಿಲ್ದಾಣದಲ್ಲಿ ಮುನಿವೆಂಕಟಮ್ಮ ಸಿಕ್ಕಿದರು. ಬಹಳ ಇಳಿದುಹೋಗಿದ್ದರು. ಪಕ್ಕದಲ್ಲಿ ಕೂತೆ. ಲಕ್ಷ್ಮಿದೇವಿಯ ತವರಿಗೆ ಬೊಟ್ಟು ಕೊಡಲು ಹೋಗಿದ್ದೆ ಎಂದರು.

"ತಗೊಂಡ್ರಾ?"

"ಒಳಕ್ಕೇ ಕರೀಲಿಲ್ಲ. ಅವಳ ತಾಯಿ ಬಾಗಿಲಲ್ಲೇ ನಿಂತು, ಈಗ ಯಾರ ಕೊರಳಿಗೆ ಕಟ್ಟಲಿ ಅಂದ್ಳು. ವಾಪಸ್ ಬಂದೆ."

ಆಗ ತಡೆಯಲಾರದೆ ಕೇಳಿದೆ. "ಅಮ್ಮಾ, ಅವತ್ತು ನಿಮ್ಮ ಕಿವಿಗೆ ಏನ್ ಕೇಳಿಸ್ತು?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಏನ್ ಹಂಗಂದ್ರೆ? ನಿಂಗೆ ಕೇಳಿಸಿದ್ದೇ ನಂಗೂ ಕೇಳಿಸ್ತು. ನೀನೇ ಮೊದಲು ಕೇಳ್ದೋನು. ಅಷ್ಟು ಹೊತ್ತು ಕೇಳ್ತಾ ನಿಂತಿದ್ಯಲ್ಲ, ಅವಳು ಅಷ್ಟೆಲ್ಲಾ ಹೇಳ್ಕೊತಿದ್ರೆ ನೀನು ಹೆಂಗೆ ತಡ್ಕೊಂಡ್ಯೋ."

ನಾನು ಕೇಳಿದ್ದು ಒಂದು ದನಿ ಮಾತ್ರ, ಏರದ, ಇಳಿಯದ, ಯಂತ್ರದ ದನಿ. ಅದನ್ನು ಆ ಮುದುಕಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೂಂನಮ್ಮ ಎಂದೆ. ಬಸ್ಸು ಬಂದಾಗ ಅವರ ಚೀಲ ಹಿಡಿದು ಹತ್ತಿಸಿದೆ.