ಐದನೇ ಗೇರು, ಹಸಿರು ಸೀರೆ

ಮೊಮ್ಮಗಳು ನಿನ್ನೆ ಫೋನಿನಲ್ಲಿ ಒಂದು ಹಳೆಯ ಕೆಂಪು ಕಾರಿನ ಚಿತ್ರ ತೋರಿಸಿ, "ಅಜ್ಜಿ, ಕಸ್ಲಿ ಭಾರೀ ಗಾಡಿ ಆಹೆ!" ಎಂದು ತನ್ನ ಮರಾಠಿಯಲ್ಲಿ ಬೆರಗಾದಳು. ಭಾರೀ ಗಾಡಿಯಂತೆ! ಅಂಥದ್ದರಲ್ಲೇ ಕೂತು ಸೊಂಟ ಸವೆಸಿಕೊಂಡವಳು ನಾನು. ಫೋನಿನಲ್ಲಿ ಟೈಪು ಮಾಡಲು ಕಲಿತದ್ದು ಈ ಸಿಟ್ಟನ್ನು ತೀರಿಸಿಕೊಳ್ಳಲಿಕ್ಕಾದರೂ ಆಗಲಿ.

ಎಂಬತ್ತರ ದಶಕ. ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೆವು. ಯಜಮಾನರು ಠಾಣೆಯ ಕಾರ್ಖಾನೆಯಲ್ಲಿ ಫೋರ್‌ಮನ್. ಅಲ್ಲಿದ್ದ ಪರದೇಶದ ಇಂಜಿನಿಯರ್ ಒಬ್ಬ ತನ್ನೂರಿಗೆ ಮರಳುವಾಗ ಕಾರನ್ನು ಇವರಿಗೆ ಮಾರಿ ಪಾರಾದ. ಪುಟ್ಟ ಕಾರು. ಹಿಂದಿನ ಬಾಗಿಲು ಗಾಜುಸಮೇತ ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ಸೀಟು ಎರಡೂ ಕಡೆಯಿಂದ ಸೊಂಟ ಅಪ್ಪಿಕೊಳ್ಳುತ್ತಿತ್ತು. ಇಳಕಲ್ ಸೀರೆ ಉಟ್ಟು ಕೂತರೆ ಎಬ್ಬಿಸಲು ಇಬ್ಬರು ಬೇಕು. ಸ್ಪ್ರಿಂಗು ಎಷ್ಟು ಬಿರುಸೆಂದರೆ, ಗಾಲಿಯ ಕೆಳಗೆ ಬೀಡಿ ತುಂಡು ಸಿಕ್ಕರೂ ನನ್ನ ಹಲ್ಲಿಗೆ ತಿಳಿಯುತ್ತಿತ್ತು.

"ಒಂಬತ್ತ ಸೆಕೆಂಡಿನ್ಯಾಗ ನೂರಕ್ಕ ಹೋಗತೈತಿ," ಎನ್ನುತ್ತಿದ್ದರು ಇವರು.

"ಎಲ್ಲಿ, ನಮ್ಮ ಮಾನಪಾಡಾ ರೋಡಿನ ತಗ್ಗಿನ್ಯಾಗ?"

"ಐದ ಗೇರ ಅದಾವ ಇದಕ್ಕ."

"ನಾ ಇನ್ನೂ ಮೂರನೇದ್ದರ ಮಾರೀನೂ ನೋಡಿಲ್ರೀ."

ಆ ವರ್ಷ ಕಲ್ಯಾಣದ ಆಚೆ ಟಿಟ್ವಾಳಾದಲ್ಲಿದ್ದ ನನ್ನ ತಂಗಿಗೆ ಏಳು ತಿಂಗಳ ಕುಬಸ ಬಂತು. ನಮ್ಮ ಕಡೆ ಬಸುರಿಗೆ ತವರಿನವರೇ ಹಸಿರು ಸೀರೆ ಉಡಿಸಿ ಉಡಿ ತುಂಬಬೇಕು. ಅವ್ವ ಇರಲಿಲ್ಲ, ತವರೆಂದರೆ ನಾನೊಬ್ಬಳೇ. ಬುಧವಾರ, ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಮುಟ್ಟದಿದ್ದರೆ ಅವಳ ಅತ್ತೆ ತಾನೇ ಒಂದು ಸೀರೆ ಉಡಿಸಿ, "ಪಾಪ, ಹೇಳೋರು ಕೇಳೋರು ಇಲ್ಲದ ಹುಡುಗಿ," ಎಂದು ಜನ್ಮವಿಡೀ ಆಡಿಕೊಳ್ಳುವವಳೇ.

"ಲೋಕಲ್‌ಗೆ ಹೋಗೂಣು," ಅಂದೆ.

"ಕಾರ್ ಇರೋದ್ಯಾಕ?"

ಹಿಂದಿನ ಸೀಟು ಮಡಚಿ, ಸೀರೆಯನ್ನು ಸುಕ್ಕಾಗದಂತೆ ಕೆಳಗೆ ಹಾಸಿ, ಅದರ ಮೇಲೆ ಗೋಧಿ ಹುಗ್ಗಿಯ ಪಾತೇಲಿ, ಬಳೆಯ ಬುಟ್ಟಿ ಇಟ್ಟೆ. ಒಂಬತ್ತಕ್ಕೆ ಹೊರಟೆವು. ಕಲ್ಯಾಣದಲ್ಲಿ ಲಾರಿಗಳ ಸಾಲು. ತಗ್ಗು ಬಂದಲ್ಲೆಲ್ಲ ಕಾರಿನ ಹೊಟ್ಟೆ ನೆಲಕ್ಕೆ ಬಡಿಯುತ್ತಿತ್ತು. ಇವರು ಇಳಿದು, ಬಗ್ಗಿ ನೋಡಿ, ಅದರ ಮೈದಡವಿ ಹತ್ತುತ್ತಿದ್ದರು. ನನ್ನ ಮೈಯನ್ನು ಹಾಗೆ ಎಂದಾದರೂ ವಿಚಾರಿಸಿದ್ದುಂಟೇ! ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿಹೋಗುತ್ತ ನಕ್ಕ. ನಾನೂ ನಕ್ಕೆ.

ಟಿಟ್ವಾಳಾಕ್ಕೆ ಮೊದಲು ರೈಲ್ವೆ ಫಾಟಕ. ಮುಚ್ಚಿತ್ತು. ಒಂದು ಲೋಕಲ್ ಹೋಯಿತು, ಒಂದು ಮೇಲ್ ಹೋಯಿತು, ಫಾಟಕ ಏಳಲಿಲ್ಲ. ಗಡಿಯಾರದಲ್ಲಿ ಹನ್ನೊಂದು ದಾಟಿತ್ತು.

"ನೂರಾ ಎಂಬತ್ತ ಓಡತೈತಿ ಅಂದಿದ್ರಿ," ಅಂದೆ.

"ಗೇಟ್ ನಾ ಹಾಕೀನೇನ?"

ತಡೆಯಲಾಗಲಿಲ್ಲ. ಬುಟ್ಟಿ, ಪಾತೇಲಿ ಎತ್ತಿಕೊಂಡು ಜನರ ಜೊತೆ ಹಳಿ ದಾಟಿದೆ. ಆಚೆ ಒಂದು ಟಾಂಗಾ ನಿಂತಿತ್ತು. "ಬಾಯಿ, ಬಸಾ ಲವ್ಕರ್," ಎಂದು ಟಾಂಗಾದ ಮುದುಕ ನನ್ನನ್ನು ಬೇಗ ಬೇಗ ಹತ್ತಿಸಿಕೊಂಡ. ಅವನ ಕುದುರೆಗೆ ಇದ್ದದ್ದು ಒಂದೇ ಗೇರು. ಹನ್ನೊಂದೂ ಮುಕ್ಕಾಲಿಗೆ ತಂಗಿಯ ಮನೆ ಮುಂದೆ ಇಳಿಸಿದ.

ಬಾಗಿಲಲ್ಲೇ ಅವಳ ಅತ್ತೆ. "ಬರ್ರಿ ಬೀಗತಿ. ಸೀರಿ ಎಲ್ಲೈತಿ?"

ಸೀರೆ ಪಾತೇಲಿಯ ಕೆಳಗಿತ್ತು. ಪಾತೇಲಿ ನನ್ನ ಕೈಯಲ್ಲಿತ್ತು. ಸೀರೆ ಕಾರಿನಲ್ಲೇ ಉಳಿದಿತ್ತು.

"ಹಿಂದ ಬರಾಕತ್ತೈತ್ರೀ," ಅಂದೆ.

"ಸೀರಿಗೆ ಕಾಲ್ ಬಂದಾವೇನು?" ಅತ್ತೆ ಒಳಗೆ ತಿರುಗಿ, "ನಮ್ಮ ಟ್ರಂಕ್ ತಗೀರೇ ಯಾರರ," ಎಂದಳು. ಮಣೆಯ ಮೇಲೆ ಕೂತಿದ್ದ ತಂಗಿ ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

ಟ್ರಂಕಿನ ಚಿಲಕ ತೆಗೆದ ಹೊತ್ತಿಗೇ ದೂರದಲ್ಲಿ ಒಂದು ಸದ್ದು ಎದ್ದಿತು. ಆ ಇಂಜಿನ್ ಹಾಗೆ ಕೂಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಂಗಳದ ಕೋಳಿಗಳು ಚೆದುರಿದವು, ಧೂಳು ಎದ್ದಿತು, ಧೂಳಿನೊಳಗಿಂದ ಕೆಂಪು ಕಾರು ಬಂದು ನಿಂತಿತು. ನಾನು ಹಿಂದಿನ ಬಾಗಿಲೆತ್ತಿ ಸೀರೆ ಸೆಳೆದುಕೊಂಡು ಓಡಿದೆ. ಹನ್ನೆರಡಕ್ಕೆ ನಾಲ್ಕು ನಿಮಿಷವಿರುವಾಗ ತಂಗಿಗೆ ತವರಿನ ಸೀರೆ ಉಡಿಸಿದೆ. ಸೆರಗಿನ ಹತ್ತಿರ ಹುಗ್ಗಿಯ ತುಪ್ಪದ ಕಲೆ ಅಂಗೈಯಗಲ ಇತ್ತು. ತಂಗಿ ಸದ್ದಿಲ್ಲದೆ ಅದನ್ನು ಒಳಕ್ಕೆ ಮಡಚಿಕೊಂಡು, "ಅಕ್ಕಾ, ಹುಗ್ಗಿ ಉಳದೈತಿಲ್ಲೋ?" ಎಂದು ಪಿಸುಗುಟ್ಟಿದಳು.

ಹೊರಗೆ ಇವರು ಬಾನೆಟ್ಟಿಗೆ ಒರಗಿ ನಿಂತಿದ್ದರು. "ಫಾಟಕದಿಂದ ಇಲ್ಲೀತನಕ ಹಾದಿ ಖುಲ್ಲಾ ಇತ್ತಲೇ! ಐದನೇ ಗೇರ್ ಬಿತ್ತು!"

ಮೂರು ವರ್ಷ ನಾನು ಆ ಸೀಟಿನಲ್ಲಿ ಸಿಕ್ಕಿಕೊಂಡು ಕೂತೆ. ಆ ಕಾರು ಇವರು ಕೊಚ್ಚಿಕೊಂಡ ಹಾಗೆ ಓಡಿದ್ದು ಒಂದೇ ಸಲ. ಅವತ್ತೇ ನಾನು ಅದನ್ನು ಬಿಟ್ಟು ಟಾಂಗಾ ಹತ್ತಿದ್ದೆ.